ನರ್ಸ್ ಆಗಿದ್ದೀರಿ, ಮಿಡ್‌ವೈಫ್ ಆಗಬೇಕೆ? ಲೇಬರ್ ರೂಮಿನಿಂದ ಒಂದು ಮಾರ್ಗದರ್ಶಿ

ಬೀರುವಿನಲ್ಲಿ ಫೈಲಿನೊಳಗೆ ಇಟ್ಟಿರುವ ನರ್ಸಿಂಗ್ ಕೌನ್ಸಿಲ್ ನೋಂದಣಿ ಪತ್ರವನ್ನು ಒಮ್ಮೆ ತೆಗೆದು ನೋಡಿ. ಜಿಎನ್‌ಎಂ ಡಿಪ್ಲೊಮಾ ಮಾಡಿದವರಾಗಲಿ, ಬಿಎಸ್ಸಿ ನರ್ಸಿಂಗ್ ಮಾಡಿದವರಾಗಲಿ, ನಮ್ಮಲ್ಲಿ ಹೆಚ್ಚಿನವರ ಪತ್ರದಲ್ಲಿ ಆರ್‌ಎನ್, ಆರ್‌ಎಂ ಎಂದು ಎರಡು ಹೆಸರು ಜೊತೆಗಿರುತ್ತವೆ. ಮೊದಲನೆಯದು ನರ್ಸ್, ಎರಡನೆಯದು ಹೆರಿಗೆ ಮಾಡಿಸುವ ಮಿಡ್‌ವೈಫ್. ಅಂದರೆ ಕಾಗದದ ಮೇಲೆ ನೀವು ಆಗಲೇ ಮಿಡ್‌ವೈಫ್.

ಈಗ ಇನ್ನೊಂದು ಪ್ರಶ್ನೆ. ರಾತ್ರಿ ಎರಡು ಗಂಟೆಗೆ ಚೊಚ್ಚಲ ಬಸುರಿಯೊಬ್ಬಳು ನೋವು ತಿನ್ನುತ್ತಾ ಬಂದರೆ ನೀವೊಬ್ಬರೇ ಅವಳನ್ನು ನೋಡಿಕೊಳ್ಳಬಲ್ಲಿರಾ? ಹೊಟ್ಟೆ ಮುಟ್ಟಿ ಮಗುವಿನ ತಲೆ ಎಲ್ಲಿದೆ ಎಂದು ಹೇಳಬಲ್ಲಿರಾ? ಎಲ್ಲ ಸರಿ ಇದ್ದಾಗ ಸುಮ್ನೆ ಕೂತು ಕಾಯಬಲ್ಲಿರಾ? ಸರಿ ಇಲ್ಲ ಅನ್ನಿಸಿದ ತಕ್ಷಣ ಡಾಕ್ಟರನ್ನು ಕರೆಯಬಲ್ಲಿರಾ? ಮೆಡಿಕಲ್ ವಾರ್ಡಿನಲ್ಲಿ ಐದು ವರ್ಷ ಇದ್ದವರಿಗೆ ಇದು ಕಷ್ಟ. ಕಾಗದದ ಮಿಡ್‌ವೈಫ್ ಬೇರೆ, ಕೈಗೆ ಕೆಲಸ ಹತ್ತಿದ ಮಿಡ್‌ವೈಫ್ ಬೇರೆ. ಮೊದಲನೆಯದರಿಂದ ಎರಡನೆಯದಕ್ಕೆ ಹೋಗುವ ದಾರಿಯನ್ನು ನಾನು ಕಂಡ ಹಾಗೆ ಬರೆಯುತ್ತಿದ್ದೇನೆ.

ಮೊದಲ ಹೆಜ್ಜೆ: ಈ ಕೆಲಸ ಯಾವುದು ಎಂದು ತಿಳಿದುಕೊಳ್ಳಿ

ಸೂಲಗಿತ್ತಿ ಎಂಬ ಮಾತು ನಮಗೆ ಹೊಸದಲ್ಲ. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅದೇ ವರ್ಷ ಡಿಸೆಂಬರಿನಲ್ಲಿ ತೀರಿಕೊಂಡರು. ಅವರು ಯಾವ ಕೋರ್ಸನ್ನೂ ಓದಿದವರಲ್ಲ. ಆದರೆ ಹೆರುವವಳ ಪಕ್ಕ ಬಿಟ್ಟು ಕದಲದೆ ಕೂರುವುದು, ಮುಟ್ಟಿ ತಿಳಿಯುವುದು, ಧೈರ್ಯ ಹೇಳುವುದು, ಇವೆಲ್ಲ ಅವರಂಥವರ ಕೈಯಲ್ಲಿತ್ತು. ಇಂದಿನ ಮಿಡ್‌ವೈಫ್ ಕೆಲಸದ ಅರ್ಧ ಭಾಗ ಇದೇ. ಇನ್ನರ್ಧ ವಿಜ್ಞಾನ: ರಕ್ತಸ್ರಾವ ತಡೆಯುವುದು, ಬಿಪಿ ಏರಿ ಫಿಟ್ಸ್ ಬಂದಾಗ ಮೆಗ್ನೀಷಿಯಂ ಸಲ್ಫೇಟ್ ಕೊಡುವುದು, ಅಳದ ಮಗುವಿಗೆ ಮೊದಲ ಒಂದು ನಿಮಿಷದೊಳಗೆ ಉಸಿರು ಕೊಡುವುದು.

ಕೇಂದ್ರ ಆರೋಗ್ಯ ಸಚಿವಾಲಯ 2018ರ ಡಿಸೆಂಬರಿನಲ್ಲಿ ಮಿಡ್‌ವೈಫರಿ ಸೇವೆಗಳ ಮಾರ್ಗಸೂಚಿ ಹೊರಡಿಸಿತು. ಅಲ್ಲಿ ಈ ಹುದ್ದೆಗೆ ಇಟ್ಟ ಹೆಸರು 'ನರ್ಸ್ ಪ್ರಾಕ್ಟೀಷನರ್ ಇನ್ ಮಿಡ್‌ವೈಫರಿ', ಚಿಕ್ಕದಾಗಿ ಎನ್‌ಪಿಎಂ. ತೊಡಕಿಲ್ಲದ ಬಸುರಿಯನ್ನು ಬಸಿರಿನಿಂದ ಬಾಣಂತನದವರೆಗೆ ಎನ್‌ಪಿಎಂ ನೋಡಿಕೊಳ್ಳುತ್ತಾರೆ. ತೊಡಕು ಕಂಡರೆ ಡಾಕ್ಟರಿಗೆ ಒಪ್ಪಿಸುತ್ತಾರೆ. ಇದಕ್ಕಾಗಿ ದೊಡ್ಡ ಆಸ್ಪತ್ರೆಯ ಲೇಬರ್ ರೂಮಿಗೆ ಹೊಂದಿಕೊಂಡೇ ಮಿಡ್‌ವೈಫ್‌ಗಳು ನಡೆಸುವ ಘಟಕ ಇರಬೇಕು ಎನ್ನುವುದು ಯೋಜನೆ. ಅದನ್ನು ಎಂಎಲ್‌ಸಿಯು ಎನ್ನುತ್ತಾರೆ. ಆಪರೇಷನ್ ಥಿಯೇಟರ್ ಹತ್ತಿರದಲ್ಲೇ ಇರುತ್ತದೆ. ಆದರೆ ಪ್ರತಿ ಹೆರಿಗೆಯೂ ಅದರ ಕಡೆಗೆ ಓಡುವುದಿಲ್ಲ.

ಇದು ಯಾಕೆ ಬೇಕಾಯಿತು? ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019-21ರ ಲೆಕ್ಕದಲ್ಲಿ ಕರ್ನಾಟಕದ ಹೆರಿಗೆಗಳಲ್ಲಿ ಶೇ. 97ರಷ್ಟು ಆಸ್ಪತ್ರೆಯಲ್ಲೇ ಆಗಿವೆ. ಇದು ದೊಡ್ಡ ಗೆಲುವು. ಅದೇ ಸಮೀಕ್ಷೆಯಲ್ಲಿ ಸಿಸೇರಿಯನ್ ಪ್ರಮಾಣ ಶೇ. 31.5. ಇಡೀ ದೇಶದ್ದು ಶೇ. 21.5. ಹೆಂಗಸರು ಆಸ್ಪತ್ರೆಗೆ ಬಂದರು, ಆದರೆ ಆಸ್ಪತ್ರೆಯಲ್ಲಿ ಅವರ ಪಕ್ಕ ಕೂರಲು ಜನ ಇಲ್ಲ. ನಾನು ಈ ವೃತ್ತಿಯನ್ನು ಇಷ್ಟು ಹಚ್ಚಿಕೊಂಡಿರುವುದಕ್ಕೆ ಕಾರಣ ಇದೇ.

ಎರಡನೆಯ ಹೆಜ್ಜೆ: ಎರಡು ವರ್ಷ ಲೇಬರ್ ರೂಮಿನಲ್ಲಿ ನೆಲೆಯೂರಿ

ಎಲ್ಲರೂ ಕೋರ್ಸ್ ಯಾವುದು ಎಂದು ಮೊದಲು ಕೇಳುತ್ತಾರೆ. ಕೋರ್ಸ್ ಆಮೇಲೆ ನೋಡೋಣ. ಎನ್‌ಪಿಎಂಗೆ ಹೆರಿಗೆ ಮಾಡಿಸಿದ ಎರಡು ವರ್ಷದ ಅನುಭವ ಕೇಳುತ್ತಾರೆ. ಕೇಳದಿದ್ದರೂ ನಾನು ಇದನ್ನೇ ಹೇಳುತ್ತಿದ್ದೆ.

ಓದುವಾಗ ನಮ್ಮ ಕೇಸ್ ಬುಕ್‌ನಲ್ಲಿ 20 ನಾರ್ಮಲ್ ಹೆರಿಗೆ ತೋರಿಸಬೇಕಿತ್ತು. ಒಂದು ಹೆರಿಗೆಯ ಸುತ್ತ ಆರು ಜನ ವಿದ್ಯಾರ್ಥಿನಿಯರು ನಿಂತು, ಆರೂ ಜನ ಅದನ್ನೇ ತಮ್ಮ ಪುಸ್ತಕದಲ್ಲಿ ಬರೆದುಕೊಂಡಿದ್ದನ್ನು ನಾನು ನೋಡಿದ್ದೇನೆ. ಆ ಆರರಲ್ಲಿ ನಾನೂ ಒಬ್ಬಳು. ಯುರೋಪಿನ ಒಕ್ಕೂಟದ ನಿಯಮದಲ್ಲಿ ಮಿಡ್‌ವೈಫ್ ವಿದ್ಯಾರ್ಥಿ ತಾನೇ ನಿಂತು ಕನಿಷ್ಠ 40 ಹೆರಿಗೆ ಮಾಡಿಸಬೇಕು, 100 ಬಸುರಿಯರ ತಪಾಸಣೆ ಮಾಡಬೇಕು. ನಿಮ್ಮ ಲೆಕ್ಕವನ್ನು ನೀವೇ ಹಾಕಿಕೊಳ್ಳಿ. ನಿಜವಾಗಿ ನಿಮ್ಮ ಕೈಗೆ ಬಂದ ಮಕ್ಕಳೆಷ್ಟು?

ಕಡಿಮೆ ಇದ್ದರೆ ಹೆರಿಗೆ ಜಾಸ್ತಿ ಆಗುವ ಕಡೆ ಹೋಗಿ. ಬೆಂಗಳೂರಿನ ವಾಣಿ ವಿಲಾಸ, ಮೈಸೂರಿನ ಚೆಲುವಾಂಬ, ಮಂಗಳೂರಿನ ಲೇಡಿ ಗೋಷನ್‌ನಂಥ ಆಸ್ಪತ್ರೆಗಳಲ್ಲಿ ಕಲಿಯುವುದಕ್ಕೆ ಸಿಗುವಷ್ಟು ಬೇರೆಡೆ ಸಿಗುವುದು ಕಷ್ಟ. ಹಾಗಂತ ತಾಲ್ಲೂಕು ಆಸ್ಪತ್ರೆಯನ್ನು ಕಡೆಗಣಿಸಬೇಡಿ. ಅಲ್ಲಿ ಸಂಖ್ಯೆ ಕಡಿಮೆ. ಆದರೆ ಒಬ್ಬ ಹೆಂಗಸನ್ನು ಮೊದಲ ನೋವಿನಿಂದ ಕಸ ಬೀಳುವವರೆಗೆ ನೀವೊಬ್ಬರೇ ನೋಡುವ ಅವಕಾಶ ಇರುತ್ತದೆ. ದೊಡ್ಡ ಆಸ್ಪತ್ರೆಯಲ್ಲಿ ಪಿಜಿ ಡಾಕ್ಟರುಗಳ ನಡುವೆ ನಿಮಗೆ ಟ್ರೇ ಹಿಡಿಯುವ ಕೆಲಸವಷ್ಟೇ ಸಿಕ್ಕರೂ ಸಿಕ್ಕೀತು. ಸೇರುವ ಮುಂಚೆ ಅಲ್ಲಿರುವ ಸಿಸ್ಟರ್ ಒಬ್ಬರನ್ನು ಕೇಳಿ: "ಅಕ್ಕ, ಇಲ್ಲಿ ನಾರ್ಮಲ್ ಹೆರಿಗೆಯನ್ನ ನರ್ಸ್ ಮಾಡಿಸ್ತಾರಾ, ಡಾಕ್ಟರೇ ಮಾಡಿಸ್ತಾರಾ?" ಈ ಒಂದು ಪ್ರಶ್ನೆಯಿಂದ ಎರಡು ವರ್ಷ ಉಳಿಯಬಹುದು.

ಸ್ವಂತ ನೋಟ್‌ಬುಕ್ ಇಡಿ. ತಾರೀಖು, ಎಷ್ಟನೆಯ ಹೆರಿಗೆ, ಬಂದಾಗ ಗರ್ಭಕೋಶದ ಬಾಯಿ ಎಷ್ಟು ತೆರೆದಿತ್ತು, ಎಷ್ಟು ಹೊತ್ತು ಹಿಡಿಯಿತು, ಯಾವ ಭಂಗಿ, ಹೊಲಿಗೆ ಬಿತ್ತೋ ಇಲ್ಲವೋ, ರಕ್ತ ಎಷ್ಟು ಹೋಯಿತು, ಮಗುವಿನ ತೂಕ. ಹೆಂಗಸಿನ ಹೆಸರಾಗಲಿ ತಾಯಿ ಕಾರ್ಡ್ ನಂಬರಾಗಲಿ ಬರೆಯಬೇಡಿ, ಅದು ಅವಳದು. ಕೊನೆಯ ಸಾಲಿನಲ್ಲಿ 'ಇಂದು ಏನು ಕಲಿತೆ' ಎಂದು ಒಂದೇ ವಾಕ್ಯ ಬರೆಯಿರಿ.

ಈ ಎರಡು ವರ್ಷದಲ್ಲಿ ಮೂರು ಕೆಲಸ ಕೈಗೆ ಹತ್ತಬೇಕು. ಒಂದು, ಪಾರ್ಟೋಗ್ರಾಫ್, ಅಂದರೆ ಹೆರಿಗೆ ಹೇಗೆ ಸಾಗುತ್ತಿದೆ ಎಂದು ಗುರುತು ಹಾಕುವ ಚಾರ್ಟ್. ಹೆರಿಗೆ ಮುಗಿದ ಮೇಲೆ ಕೂತು ಗೆರೆ ಎಳೆಯುವ ರೂಢಿ ಬಹಳ ಕಡೆ ಇದೆ. ದಯವಿಟ್ಟು ಹಾಗೆ ಮಾಡಬೇಡಿ. ಹೆರಿಗೆ ನಡೆಯುತ್ತಿರುವಾಗ ದಾರಿ ತೋರಿಸಲಿ ಎಂದೇ ಅದನ್ನು ಮಾಡಿದ್ದಾರೆ. ಆಗ ತುಂಬಿದರಷ್ಟೇ ಅದರಿಂದ ಉಪಯೋಗ. ನಮ್ಮ ತರಬೇತಿಗಳಲ್ಲಿ ಗರ್ಭಕೋಶದ ಬಾಯಿ 4 ಸೆಂ.ಮೀ. ತೆರೆದಾಗಿನಿಂದ ಗುರುತು ಹಾಕಲು ಕಲಿಸಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ತಂದ 'ಲೇಬರ್ ಕೇರ್ ಗೈಡ್' 5 ಸೆಂ.ಮೀ.ನಿಂದ ಶುರುವಾಗುತ್ತದೆ. ಗಂಟೆಗೆ ಒಂದು ಸೆಂ.ಮೀ. ತೆರೆಯಲೇಬೇಕು ಎಂಬ ಹಳೆಯ ಹಟವೂ ಈಗ ಇಲ್ಲ. ಎರಡನ್ನೂ ಕಲಿತಿರಿ, ಸಂದರ್ಶನದಲ್ಲಿ ಕೇಳಬಹುದು.

ಎರಡು, ಮಗುವಿನ ಎದೆಬಡಿತ ಕೇಳುವುದು. ನೋವು ಜೋರಾದ ಮೇಲೆ 15ರಿಂದ 30 ನಿಮಿಷಕ್ಕೊಮ್ಮೆ, ಮುಕ್ಕುವ ಹಂತದಲ್ಲಿ 5 ನಿಮಿಷಕ್ಕೊಮ್ಮೆ. ಮೂರು, ಮಗು ಹೊರಬಂದ ಒಂದು ನಿಮಿಷದೊಳಗೆ ತಾಯಿಗೆ 10 ಯೂನಿಟ್ ಆಕ್ಸಿಟೋಸಿನ್ ಇಂಜೆಕ್ಷನ್. ನಮ್ಮ ದೇಶದ ತಾಯಂದಿರ ಸಾವಿಗೆ ರಕ್ತಸ್ರಾವ ದೊಡ್ಡ ಕಾರಣ. ಆ ಒಂದು ಇಂಜೆಕ್ಷನ್ ಮರೆತರೆ ಉಳಿದ ಜಾಣತನವೆಲ್ಲ ಉಪಯೋಗಕ್ಕೆ ಬರುವುದಿಲ್ಲ.

ನಾಲ್ಕನೆಯದೂ ಒಂದಿದೆ. ಅದನ್ನು ಹೇಳಬೇಕಾದರೆ ಒಂದು ರಾತ್ರಿಯ ಮಾತು ಹೇಳಬೇಕು. ಆಗ ನಾನು ಒಂದು ಸಣ್ಣ ಆಸ್ಪತ್ರೆಯಲ್ಲಿ ನೈಟ್ ಡ್ಯೂಟಿಯಲ್ಲಿದ್ದೆ. ಇಪ್ಪತ್ತರ ಆಸುಪಾಸಿನ ಹುಡುಗಿ. ಮಲಗಿಸಿದ್ದರು, ಕಾಲು ಮೇಲಕ್ಕೆ ಕಟ್ಟಿದ್ದರು. "ಮುಕ್ಕು, ಮುಕ್ಕು" ಎಂದು ಮೂರು ಜನ ಕೂಗುತ್ತಿದ್ದರು. ಇನ್ನೂ 7 ಸೆಂ.ಮೀ. ಕೂಡ ಆಗಿರಲಿಲ್ಲ. ಅವಳ ತುಟಿ ಒಣಗಿ ಬಿಳಿಚಿತ್ತು. ತಾಯಿ ಬಾಗಿಲಾಚೆ ನೆಲದ ಮೇಲೆ ಕೂತಿದ್ದಳು, ಒಳಗೆ ಬಿಟ್ಟಿರಲಿಲ್ಲ. ಅಂದು ಜೊತೆಗಿದ್ದ ಹಿರಿಯ ಸಿಸ್ಟರ್ ಬಂದವರೇ ಕಾಲು ಬಿಚ್ಚಿಸಿದರು. ಒಂದು ಲೋಟ ನೀರು ಕುಡಿಸಿದರು. ತಾಯಿಯನ್ನು ಒಳಗೆ ಕರೆದರು. "ಎದ್ದು ನಿಂತ್ಕೊ ತಾಯಿ, ನಿಂಗೆ ಹೆಂಗೆ ಬೇಕೋ ಹಂಗೆ" ಅಂದರು. ಹುಡುಗಿ ಮಂಚದ ಕಂಬಿ ಹಿಡಿದು ತೂಗಾಡುತ್ತಾ ನಿಂತಳು. ಸಿಸ್ಟರ್ ಅವಳ ಸೊಂಟವನ್ನು ಅಂಗೈಯಿಂದ ಒತ್ತಿ ಹಿಡಿದುಕೊಂಡೇ ಇದ್ದರು, ನೋವು ಬಂದಾಗ ಬಿಗಿಯಾಗಿ, ಹೋದಾಗ ಸಡಿಲವಾಗಿ. ನಡುನಡುವೆ ನನಗೆ ಎದೆಬಡಿತ ಕೇಳಲು ಹೇಳುತ್ತಿದ್ದರು. ಎರಡೂವರೆ ಗಂಟೆ ಹೀಗೇ ಹೋಯಿತು. ಯಾರೂ ಕೂಗಲಿಲ್ಲ. ಬೆಳಗಿನ ಜಾವ ಅವಳು ತಾನಾಗಿಯೇ ಮುಕ್ಕಿದಳು. ಒಂದು ಹೊಲಿಗೆಯೂ ಬೀಳಲಿಲ್ಲ. ಕಾಯುವುದೂ ಒಂದು ಕೆಲಸ ಎಂದು ನನಗೆ ತಿಳಿದದ್ದು ಅಂದು.

ಆ ಹೊತ್ತಿನ ಅವಸರಕ್ಕೆ ಯಾರೊಬ್ಬರನ್ನೂ ದೂರಲಾರೆ. ಮೂರು ಮಂಚ, ಒಬ್ಬ ನರ್ಸ್, ಹೊರಗೆ ಇನ್ನೆರಡು ಆಂಬುಲೆನ್ಸ್ ಇದ್ದರೆ ಯಾರಿಗಾದರೂ ಗಾಬರಿಯಾಗುತ್ತದೆ. ಆದರೆ ಮಿಡ್‌ವೈಫ್ ಆಗುವವರು ಆ ಗಾಬರಿಯನ್ನು ಹೆರುವವಳ ಮೇಲೆ ಹಾಕಬಾರದು.

ಮೂರನೆಯ ಹೆಜ್ಜೆ: ಸಣ್ಣ ತರಬೇತಿಗಳನ್ನು ಬಿಡಬೇಡಿ

ಸರ್ಕಾರಿ ವ್ಯವಸ್ಥೆಯಲ್ಲಿರುವವರಿಗೆ ಹೆರಿಗೆ ಮಾಡಿಸುವ ಕೌಶಲಕ್ಕೆ 21 ದಿನದ ಎಸ್‌ಬಿಎ (ಸ್ಕಿಲ್ಡ್ ಬರ್ತ್ ಅಟೆಂಡೆಂಟ್) ತರಬೇತಿ ಇದೆ. ನವಜಾತ ಶಿಶುವಿನ ಆರೈಕೆಗೆ ಎನ್‌ಎಸ್‌ಎಸ್‌ಕೆ ಇದೆ. ಲೇಬರ್ ರೂಮಿನ ಗುಣಮಟ್ಟಕ್ಕೆ ದಕ್ಷತಾ ತರಬೇತಿ ಇದೆ. ಲೇಬರ್ ರೂಮುಗಳನ್ನು ಸುಧಾರಿಸಲು 2017ರಲ್ಲಿ ಶುರುವಾದ ಲಕ್ಷ್ಯ ಕಾರ್ಯಕ್ರಮದಲ್ಲಿ ನಿಮ್ಮ ಆಸ್ಪತ್ರೆ ಇದ್ದರೆ ಅದರ ಕೆಲಸಕ್ಕೆ ಮುಂದೆ ಬಂದು ಸೇರಿಕೊಳ್ಳಿ. ಹೆಸರು ಹಾಕಿ ಎಂದು ನೀವೇ ಕೇಳಬೇಕು, ಕೇಳದಿದ್ದರೆ ಅದು ಪಕ್ಕದ ವಾರ್ಡಿನವರಿಗೆ ಹೋಗುತ್ತದೆ. ಪ್ರತಿ ಪ್ರಮಾಣಪತ್ರವನ್ನೂ ಸ್ಕ್ಯಾನ್ ಮಾಡಿ ಇಟ್ಟುಕೊಳ್ಳಿ.

ನಾಲ್ಕನೆಯ ಹೆಜ್ಜೆ: ದಾರಿ ಆರಿಸಿಕೊಳ್ಳಿ

ಹೆರಿಗೆ ಮಾಡಿಸುವ ಕೆಲಸವೇ ನಿಮಗೆ ಬೇಕು ಅಂದರೆ ಎನ್‌ಪಿಎಂ. ಭಾರತೀಯ ನರ್ಸಿಂಗ್ ಕೌನ್ಸಿಲ್ ಇದಕ್ಕೆ ಪಠ್ಯ ಮಾಡಿದೆ. ಒಟ್ಟು 18 ತಿಂಗಳ ಪೋಸ್ಟ್ ಬೇಸಿಕ್ ಡಿಪ್ಲೊಮಾ: ಮೊದಲ 12 ತಿಂಗಳು ಓದು ಮತ್ತು ಅಭ್ಯಾಸ, ಕೊನೆಯ 6 ತಿಂಗಳು ಇಂಟರ್ನ್‌ಷಿಪ್. ಅಂತರರಾಷ್ಟ್ರೀಯ ಮಿಡ್‌ವೈಫ್‌ಗಳ ಒಕ್ಕೂಟ ಹೇಳಿರುವ ಕೌಶಲಗಳನ್ನು ಇದರಲ್ಲಿ ಅಳವಡಿಸಿದ್ದಾರೆ. ಜಿಎನ್‌ಎಂ ಮಾಡಿದವರೂ ಸೇರಬಹುದು, ಬಿಎಸ್ಸಿಯವರೂ ಸೇರಬಹುದು.

ಈ ದಾರಿ ನಡೆಯುತ್ತದೆಯೇ ಎಂದು ನೋಡಲು ದೂರ ಹೋಗಬೇಕಿಲ್ಲ, ಪಕ್ಕದ ತೆಲಂಗಾಣ ಸಾಕು. ಹೈದರಾಬಾದಿನ ಫರ್ನಾಂಡಿಸ್ ಆಸ್ಪತ್ರೆಯಲ್ಲಿ ಡಾ. ಎವಿಟಾ ಫರ್ನಾಂಡಿಸ್ 2011ರಲ್ಲೇ ನರ್ಸ್‌ಗಳಿಗೆ ಮಿಡ್‌ವೈಫರಿ ತರಬೇತಿ ಶುರು ಮಾಡಿದ್ದರು. ಪ್ರಸೂತಿ ತಜ್ಞೆಯೊಬ್ಬರು ತಾವೇ ಮುಂದೆ ನಿಂತು "ಈ ಕೆಲಸ ಮಿಡ್‌ವೈಫ್‌ಗಳದ್ದು" ಎಂದು ಜಾಗ ಬಿಟ್ಟುಕೊಟ್ಟದ್ದು ಸಣ್ಣ ಮಾತಲ್ಲ. 2017ರಲ್ಲಿ ತೆಲಂಗಾಣ ಸರ್ಕಾರ ಯುನಿಸೆಫ್ ಮತ್ತು ಅದೇ ಸಂಸ್ಥೆಯ ಜೊತೆ ಸೇರಿ ಕರೀಂನಗರದಲ್ಲಿ 30 ಸರ್ಕಾರಿ ನರ್ಸ್‌ಗಳ ಮೊದಲ ತಂಡವನ್ನು ತಯಾರು ಮಾಡಲು ಹೊರಟಿತು. ದೇಶದ ಮಾರ್ಗಸೂಚಿ ಬಂದದ್ದು ಅದಾದ ಮೇಲೆ. ಹೈದರಾಬಾದ್ ಕಡೆ ಹೋಗುವ ಅವಕಾಶ ಸಿಕ್ಕರೆ ಮಿಡ್‌ವೈಫ್‌ಗಳು ಕೆಲಸ ಮಾಡುವುದನ್ನು ಒಮ್ಮೆ ಕಣ್ಣಾರೆ ನೋಡಿ ಬನ್ನಿ.

ಪಾಠ ಹೇಳುವ ಆಸೆ ಇದ್ದರೆ ದಾರಿ ಬೇರೆ. ಜಿಎನ್‌ಎಂ ಆದವರು ಎರಡು ವರ್ಷದ ಪೋಸ್ಟ್ ಬೇಸಿಕ್ ಬಿಎಸ್ಸಿ ಮಾಡಿ, ಆಮೇಲೆ ಎರಡು ವರ್ಷದ ಎಂಎಸ್ಸಿಯಲ್ಲಿ ಓಬಿಜಿ (ಪ್ರಸೂತಿ ಮತ್ತು ಸ್ತ್ರೀರೋಗ) ನರ್ಸಿಂಗ್ ತೆಗೆದುಕೊಳ್ಳಬಹುದು. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದಡಿ ಇವೆರಡೂ ಇವೆ. ಎಂಎಸ್ಸಿ ಆದವರಿಗೆ ಕಾಲೇಜಿನಲ್ಲಿ ಕೆಲಸ ಸಿಗುವುದು ಸುಲಭ. ಆದರೆ ಎಂಎಸ್ಸಿ ಮುಗಿಸಿ ಹೆರಿಗೆ ಕೋಣೆಗೆ ಕಾಲಿಡದೆ ಪಾಠ ಮಾಡುವವರನ್ನು ಕಂಡಾಗ ನನಗೆ ಬೇಸರವಾಗುತ್ತದೆ. ಓದಿದರೂ ವಾರಕ್ಕೊಂದು ದಿನವಾದರೂ ಹೆರಿಗೆ ಕೋಣೆಯಲ್ಲಿರಿ.

ಐದನೆಯ ಹೆಜ್ಜೆ: ಕಾಗದ ಪತ್ರ

ಇದು ಬೇಜಾರಿನ ಕೆಲಸ, ಆದರೆ ಎಷ್ಟೋ ಜನರ ಅವಕಾಶ ಕೈತಪ್ಪುವುದು ಇಲ್ಲೇ. ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಿನ ನೋಂದಣಿ ಚಾಲ್ತಿಯಲ್ಲಿದೆಯಾ ನೋಡಿ. ಮದುವೆಯಾದ ಮೇಲೆ ಹೆಸರು ಬದಲಾಗಿದ್ದರೆ ಆಧಾರ್, ಅಂಕಪಟ್ಟಿ, ನೋಂದಣಿ ಮೂರರಲ್ಲೂ ಹೊಂದುತ್ತದೆಯಾ ನೋಡಿ.

ಅನುಭವದ ಪತ್ರದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ನನಗೆ ಮೊದಲು ಕೆಲಸ ಮಾಡಿದ ಕಡೆಯಿಂದ ಸಿಕ್ಕ ಪತ್ರದಲ್ಲಿ 'ಸ್ಟಾಫ್ ನರ್ಸ್ ಆಗಿ ಕೆಲಸ ಮಾಡಿದ್ದಾರೆ' ಎಂದಷ್ಟೇ ಇತ್ತು. ಲೇಬರ್ ರೂಮ್ ಎಂಬ ಪದವೇ ಇರಲಿಲ್ಲ. ಎರಡು ವರ್ಷ ರಾತ್ರಿ ಹಗಲು ಹೆರಿಗೆ ಮಾಡಿಸಿದ್ದೆ, ಕಾಗದದಲ್ಲಿ ಅದರ ಗುರುತೇ ಇಲ್ಲ. ತಿದ್ದಿಸಿಕೊಳ್ಳಲು ಹೋದಾಗ ಆಗಿನ ಸೂಪರಿಂಟೆಂಡೆಂಟ್ ವರ್ಗವಾಗಿ ಹೋಗಿದ್ದರು. ಅದಕ್ಕೇ ಹೇಳುತ್ತಿದ್ದೇನೆ, ಕೆಲಸ ಬಿಡುವ ದಿನವೇ ಬರೆಸಿಕೊಳ್ಳಿ: ಯಾವ ವಾರ್ಡ್, ಎಲ್ಲಿಂದ ಎಲ್ಲಿಯವರೆಗೆ, ನೀವು ಸ್ವತಃ ಮಾಡಿಸಿದ ಹೆರಿಗೆ ಸುಮಾರು ಎಷ್ಟು.

ಸರ್ಕಾರಿ ಕೆಲಸದಲ್ಲಿದ್ದರೆ ಕೋರ್ಸಿಗೆ ಹೊರಡುವ ಮುಂಚೆ ಇಷ್ಟನ್ನು ಲಿಖಿತವಾಗಿ ಕೇಳಿ. ತರಬೇತಿಯ ಅವಧಿ ಓಓಡಿ, ಅಂದರೆ ಡ್ಯೂಟಿಯ ಲೆಕ್ಕಕ್ಕೇ ಆಗುತ್ತದೆಯಾ? ಸಂಬಳ ಪೂರ್ತಿ ಬರುತ್ತದೆಯಾ? ಬಾಂಡ್ ಎಷ್ಟು ವರ್ಷ? ಮುಗಿಸಿ ಬಂದ ಮೇಲೆ ಎಲ್ಲಿಗೆ ಹಾಕುತ್ತಾರೆ? ಕೊನೆಯ ಪ್ರಶ್ನೆ ಎಲ್ಲಕ್ಕಿಂತ ದೊಡ್ಡದು. 18 ತಿಂಗಳು ಕಲಿತು ಬಂದು ಮತ್ತೆ ಐಸಿಯು ಡ್ಯೂಟಿಗೆ ಹೋದರೆ ಕಲಿತದ್ದೆಲ್ಲ ವ್ಯರ್ಥ. ಹೆರಿಗೆ ಕೋಣೆಯಲ್ಲೇ ಇರಿಸುತ್ತೇವೆ ಎಂಬ ಮಾತು ಆದೇಶದಲ್ಲಿ ಬರುವಂತೆ ನೋಡಿಕೊಳ್ಳಿ.

ಖಾಸಗಿಯಾಗಿ ಸೇರುವವರು ಒಂದು ಎಚ್ಚರ ಇಟ್ಟುಕೊಳ್ಳಿ. 'ಆನ್‌ಲೈನ್ ಮಿಡ್‌ವೈಫ್ ಡಿಪ್ಲೊಮಾ, ಮೂರು ತಿಂಗಳು' ಎಂಬ ಜಾಹೀರಾತು ಕಂಡರೆ ಆ ಸಂಸ್ಥೆಗೆ ಕೌನ್ಸಿಲ್ ಮಾನ್ಯತೆ ಇದೆಯಾ ಎಂದು ಕೌನ್ಸಿಲ್‌ನಲ್ಲೇ ವಿಚಾರಿಸಿ. ಸಂಸ್ಥೆಯವರ ಬಾಯಿಮಾತು ಸಾಲದು. 1947ರ ನರ್ಸಿಂಗ್ ಕೌನ್ಸಿಲ್ ಕಾಯ್ದೆಯ ಜಾಗಕ್ಕೆ 2023ರಲ್ಲಿ ರಾಷ್ಟ್ರೀಯ ನರ್ಸಿಂಗ್ ಮತ್ತು ಮಿಡ್‌ವೈಫರಿ ಆಯೋಗದ ಕಾಯ್ದೆ ಬಂದಿದೆ. ಕಾಯ್ದೆಯ ಹೆಸರಿನಲ್ಲೇ ಮಿಡ್‌ವೈಫರಿಗೆ ಜಾಗ ಸಿಕ್ಕಿದ್ದು ನಮಗೆ ಒಳ್ಳೆಯ ಸುದ್ದಿ. ನಿಯಮಗಳು ಬದಲಾಗುವ ಕಾಲ ಇದು, ಹಾಗಾಗಿ ಹಣ ಕಟ್ಟುವ ಮುಂಚೆ ಹೊಸ ಸುತ್ತೋಲೆ ನೋಡಿ.

ಆರನೆಯ ಹೆಜ್ಜೆ: ಕೆಲಸ ಎಲ್ಲಿದೆ

ಸರ್ಕಾರಿ ಕಡೆ ಎಂಎಲ್‌ಸಿಯುಗಳು ತೆರೆದಂತೆಲ್ಲ ಜಾಗ ಹುಟ್ಟುತ್ತದೆ. ಆದರೆ ನೇರವಾಗಿ ಹೇಳುತ್ತೇನೆ. ಎನ್‌ಪಿಎಂ ಮುಗಿಸಿದ ತಕ್ಷಣ ಸಂಬಳ ಏರುತ್ತದೆ, ಹೊಸ ಹುದ್ದೆ ಕಾದಿರುತ್ತದೆ ಎಂದು ನಂಬಿ ಹೊರಡಬೇಡಿ. ಕೆಲಸದ ಮೇಲಿನ ಪ್ರೀತಿ ಮೊದಲು, ಬಡ್ತಿ ಆಮೇಲೆ ಎನ್ನುವವರಿಗೆ ಈಗ ಒಳ್ಳೆಯ ಸಮಯ. ಮೊದಲ ಸಾಲಿನಲ್ಲಿ ನಿಂತವರೇ ಮುಂದೆ ಕಲಿಸುವವರೂ ಆಗುತ್ತಾರೆ. ಎನ್‌ಪಿಎಂಗಳನ್ನು ತಯಾರು ಮಾಡುವ ಮಿಡ್‌ವೈಫರಿ ಎಜುಕೇಟರ್ ಎಂಬ ಹುದ್ದೆಯೂ ಮಾರ್ಗಸೂಚಿಯಲ್ಲಿದೆ.

ಖಾಸಗಿಯಲ್ಲಿ ಬೆಂಗಳೂರು, ಹೈದರಾಬಾದಿನಂಥ ಊರುಗಳ ಹೆರಿಗೆ ಆಸ್ಪತ್ರೆಗಳು ನಾರ್ಮಲ್ ಹೆರಿಗೆ ಬೇಕು ಎಂದು ಕೇಳಿ ಬರುವವರಿಗಾಗಿ ಮಿಡ್‌ವೈಫ್‌ಗಳನ್ನು ಇಟ್ಟುಕೊಳ್ಳುತ್ತಿವೆ. ಬಸುರಿಯರ ತರಗತಿ, ಎದೆಹಾಲಿನ ಸಲಹೆ, ಬಾಣಂತಿಯ ಮನೆ ಭೇಟಿ ಇವೂ ಇದೇ ಕೆಲಸದ ಕವಲುಗಳು. ಸಂದರ್ಶನಕ್ಕೆ ಹೋದಾಗ ನೀವೂ ಒಂದು ಪ್ರಶ್ನೆ ಕೇಳಿ: ಇಲ್ಲಿ ಸಿಸೇರಿಯನ್ ಪ್ರಮಾಣ ಎಷ್ಟು? ಉತ್ತರ ಕೊಡಲು ಹಿಂಜರಿದರೆ ಅಲ್ಲಿ ಮಿಡ್‌ವೈಫ್ ಬೋರ್ಡಿನ ಮೇಲಷ್ಟೇ ಇರುತ್ತಾಳೆ.

ಮನೆಯಲ್ಲೇ ಹೆರಿಗೆ ಮಾಡಿಸುತ್ತೇನೆ, ಸ್ವಂತ ಕೇಂದ್ರ ತೆರೆಯುತ್ತೇನೆ ಎಂಬ ಯೋಚನೆ ಬಂದರೆ ಸ್ವಲ್ಪ ತಡೆಯಿರಿ. ನಮ್ಮ ರಾಜ್ಯದಲ್ಲಿ ಖಾಸಗಿ ವೈದ್ಯಕೀಯ ಸಂಸ್ಥೆ ನಡೆಸಲು ಕೆಪಿಎಂಇ ಕಾಯ್ದೆಯಡಿ ನೋಂದಣಿ ಬೇಕು. ರಕ್ತ, ಥಿಯೇಟರ್, ಡಾಕ್ಟರ್ ಹತ್ತಿರ ಇಲ್ಲದ ಕಡೆ ತಾಯಿಯ ಜೀವವನ್ನು ಪಣಕ್ಕೆ ಇಡಬೇಡಿ.

ಇನ್ನು ವಿದೇಶ. ಜಗತ್ತಿಗೆ ಇನ್ನೂ 9 ಲಕ್ಷ ಮಿಡ್‌ವೈಫ್‌ಗಳು ಬೇಕು ಎಂದು 2021ರ ವಿಶ್ವ ವರದಿ ಹೇಳಿತು. ಹಾಗಾಗಿ ಬಾಗಿಲು ತೆರೆದಿದೆ, ಆದರೆ ಪ್ರತಿ ಬಾಗಿಲಿಗೂ ಬೇರೆ ಬೀಗ. ಬ್ರಿಟನ್ನಿನಲ್ಲಿ ನರ್ಸ್ ಮತ್ತು ಮಿಡ್‌ವೈಫ್ ನೋಂದಣಿ ಬೇರೆ ಬೇರೆ. ನಮ್ಮವರು ಹೆಚ್ಚಾಗಿ ಸಿಬಿಟಿ (ಕಂಪ್ಯೂಟರ್ ಪರೀಕ್ಷೆ) ಮತ್ತು ಓಸ್ಕಿ (ಕೆಲಸ ಮಾಡಿ ತೋರಿಸುವ ಪರೀಕ್ಷೆ) ಮುಗಿಸಿ ನರ್ಸ್ ಆಗಿ ಹೋಗುತ್ತಾರೆ. ಅಲ್ಲಿ ನೋಂದಾಯಿತ ಅಡಲ್ಟ್ ನರ್ಸ್ ಆದವರಿಗೆ ಮಿಡ್‌ವೈಫರಿಯ ಕಿರು ಕೋರ್ಸ್ ಇದೆ. ಹೊಸ ಮಿಡ್‌ವೈಫ್ ಅಲ್ಲಿನ ಸಂಬಳದ ದರ್ಜೆಯಾದ ಬ್ಯಾಂಡ್ 5ರಲ್ಲಿ ಸೇರಿ, ಆರಂಭದ ತರಬೇತಿ ಮುಗಿಸಿ ಬ್ಯಾಂಡ್ 6ಕ್ಕೆ ಏರುತ್ತಾರೆ. ಐರ್ಲೆಂಡಿನಲ್ಲಿ ನರ್ಸ್‌ಗಳಿಗೆ 18 ತಿಂಗಳ ಹೈಯರ್ ಡಿಪ್ಲೊಮಾ ಇದೆ. ಸ್ವೀಡನ್ನಿನಲ್ಲಿ ಮೊದಲು ನರ್ಸ್ ಆಗಿ, ಮೇಲೆ ಒಂದೂವರೆ ವರ್ಷ ಓದಿದರೇ ಮಿಡ್‌ವೈಫ್, ಆದರೆ ಸ್ವೀಡಿಷ್ ಭಾಷೆ ಬರಬೇಕು. ಗಲ್ಫ್ ದೇಶಗಳಿಗೆ ಹೋಗುವವರು ನಡುವೆ ಕೆಲಸ ಬಿಟ್ಟ ಅವಧಿ ಹೆಚ್ಚಿರದಂತೆ ನೋಡಿಕೊಳ್ಳಿ, ಇತ್ತೀಚಿನ ಅನುಭವವನ್ನು ಅವರು ಬಹಳ ನೋಡುತ್ತಾರೆ. ಏಜೆಂಟ್ ಕೈಗೆ ಮೂಲ ಪ್ರಮಾಣಪತ್ರ ಕೊಡಬೇಡಿ. ಯಾವ ದೇಶವೇ ಆಗಲಿ, ಅಲ್ಲಿನ ಕೌನ್ಸಿಲ್‌ನ ನಿಯಮವನ್ನು ನೀವೇ ಓದಿ.

ಏಳನೆಯ ಹೆಜ್ಜೆ: ಮೊದಲ ತಿಂಗಳು

ಮಿಡ್‌ವೈಫ್ ಆಗಿ ಡ್ಯೂಟಿಗೆ ಹೋದ ಮೊದಲ ದಿನ ಅಲ್ಲಿನ ಪ್ರಸೂತಿ ತಜ್ಞರ ಜೊತೆ ಅರ್ಧ ಗಂಟೆ ಕೂತು ಮಾತಾಡಿ. ಯಾರನ್ನು ನೀವು ನೋಡುತ್ತೀರಿ, ಯಾರನ್ನು ಅವರು ನೋಡುತ್ತಾರೆ ಎಂದು ಮೊದಲೇ ಗೊತ್ತಾಗಲಿ. ಬಿಪಿ ಎಷ್ಟು ದಾಟಿದರೆ ಕರೆಯಬೇಕು, ಎದೆಬಡಿತ ಎಷ್ಟಕ್ಕೆ ಇಳಿದರೆ, ನೀರು ಹೋಗಿ ಎಷ್ಟು ಗಂಟೆಯಾದರೆ, ಕಸ ಬೀಳದೆ ಎಷ್ಟು ನಿಮಿಷವಾದರೆ, ಇವನ್ನೆಲ್ಲ ಒಂದೇ ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ಕೆಳಗೆ ಡ್ಯೂಟಿ ಡಾಕ್ಟರ್, ಅನಸ್ತೇಷಿಯಾ, ಬ್ಲಡ್ ಬ್ಯಾಂಕ್, ಆಂಬುಲೆನ್ಸ್ ನಂಬರ್ ಇರಲಿ. ಆ ಹಾಳೆಯನ್ನು ಮೇಜಿನ ಡ್ರಾಯರಿನಲ್ಲಿ ಇಡಬೇಡಿ. ರಾತ್ರಿ ಡ್ಯೂಟಿಗೆ ಮೊದಲ ಸಲ ಬಂದ ಸಿಸ್ಟರ್‌ಗೂ ಹೆರಿಗೆ ಮಂಚದ ಪಕ್ಕದಿಂದಲೇ ಕಾಣುವಷ್ಟು ದೊಡ್ಡ ಅಕ್ಷರದಲ್ಲಿ, ಕನ್ನಡದಲ್ಲಿ ಬರೆದು ಗೋಡೆಗೆ ಅಂಟಿಸಿ.